ಜನವರಿಯಲ್ಲಿ ಹುಟ್ಟಿದ ಹುಡುಗಿಗೆ ಗಾರ್ನೆಟ್ ಕೊಡಬಹುದಾ? ಗೋಮೇಧಿಕವೂ ಅದೂ ಒಂದೇನಾ?

ಮೈಸೂರು_ಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ನಮ್ಮಕ್ಕನ ಮಗಳು ಜನವರಿಯಲ್ಲಿ ಹುಟ್ಟಿದವಳು. ಈ ಸಲ ಬಟ್ಟೆ ಬೇಡ, ಬಹಳ ದಿನ ಇಟ್ಟುಕೊಳ್ಳುವಂಥದ್ದು ಏನಾದರೂ ಕೊಡೋಣ ಅಂತ ಅಶೋಕ ರಸ್ತೆಯ ಅಂಗಡಿಗಳನ್ನ ಸುತ್ತಿದೆ. ಒಂದು ಕಡೆ "ಜನವರಿಯವರಿಗೆ ಗಾರ್ನೆಟ್" ಅಂತ ಕೆಂಪು ಹರಳಿನ ಉಂಗುರ ತೋರಿಸಿದರು. ಲೈಟಿನ ಕೆಳಗೆ ದಾಳಿಂಬೆ ಕಾಳಿನ ಹಾಗೆ ಹೊಳೀತಿತ್ತು, ಬಾಗಿಲ ಹತ್ತಿರ ತಂದು ನೋಡಿದರೆ ಹೆಚ್ಚುಕಮ್ಮಿ ಕಪ್ಪು! ಮನೆಗೆ ಬಂದು ಹೇಳಿದೆ. ಅತ್ತೆ, "ಅದು ಗೋಮೇಧಿಕದ ಜಾತಿ ಕಣಮ್ಮ, ರಾಹುವಿನ ಹರಳು, ಜಾತಕ ತೋರಿಸದೆ ಹಾಕಿಸಬೇಡ" ಅಂದುಬಿಟ್ಟರು. ಮಾಣಿಕ್ಯದಂಥ ಬಣ್ಣ ಇಷ್ಟು ಅಗ್ಗಕ್ಕೆ ಸಿಗುತ್ತೆ ಅಂದರೆ ಮೋಸವೇ ಇರಬೇಕು ಅಂತ ನಮ್ಮ ಮನೆಯವರು ಬೇರೆ ತಲೆ ತಿಂತಿದ್ದಾರೆ. ಪಿಯುಸಿ ಓದೋ ಹುಡುಗಿ, ದಿನಾ ಹಾಕಿಕೊಂಡು ಓಡಾಡಬೇಕು. ಗೊತ್ತಿರುವವರು ಹೇಳಿ ಪ್ಲೀಸ್.

ಕಲ್ಲುಮಣ್ಣು:
ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಓದಿದವನು, ಅಂಗಡಿಯವನಲ್ಲ. ನಿಮ್ಮತ್ತೆ ಸುಮ್ನೆ ಹೇಳಿಲ್ಲ ಮೇಡಂ, ಗೋಮೇಧಿಕವೂ ಗಾರ್ನೆಟ್ಟೇ. ಗಾರ್ನೆಟ್ ಅನ್ನೋದು ಒಂದು ಕಲ್ಲಲ್ಲ, ದೊಡ್ಡ ಕುಟುಂಬ. ಗೋಮೇಧಿಕ ಅಂದರೆ ಹೆಸೊನೈಟ್, ಅದರಲ್ಲಿ ಕ್ಯಾಲ್ಸಿಯಂ, ಅಲ್ಯೂಮಿನಿಯಂ ಇರುತ್ತೆ, ಬಣ್ಣ ಜೇನಿನಿಂದ ಕಂದು ಕಿತ್ತಳೆವರೆಗೆ. ಲೆನ್ಸ್ ಹಿಡಿದು ಒಳಗೆ ನೋಡಿದರೆ ಎಣ್ಣೆ ಸುಳಿ ಸುತ್ತಿದ ಹಾಗೆ ಮಸುಕು ಗೆರೆಗಳು ಕಾಣುತ್ತವೆ. ನೀವು ನೋಡಿದ ಕಡುಗೆಂಪು ಬಹುಶಃ ಆಲ್ಮಂಡೈನ್. ಅದರಲ್ಲಿ ಕಬ್ಬಿಣ ಜಾಸ್ತಿ, ಹರಳು ದಪ್ಪ ಇದ್ದಷ್ಟೂ ಬೆಳಕು ಒಳಗೇ ಉಳಿದು ಕಪ್ಪಾಗಿ ಕಾಣುತ್ತೆ. ಇದರ ಜೊತೆಗೆ ಪೈರೋಪ್ ಅನ್ನೋ ಮೆಗ್ನೀಸಿಯಂ ಇರುವ ಗಾರ್ನೆಟ್ ಬೆರೆತರೆ ರೋಡೊಲೈಟ್, ಗುಲಾಬಿ ನೇರಳೆ ಛಾಯೆ ಬರುತ್ತೆ, ನನ್ನ ಕಣ್ಣಿಗೆ ಅದೇ ಚೆಂದ. ಹಸಿರು ಗಾರ್ನೆಟ್ ಕೂಡ ಇದೆ ಗೊತ್ತಾ? ಸಾವೊರೈಟ್ ಅಂತ, 1967ರಲ್ಲಿ ಟಾಂಜಾನಿಯಾದಲ್ಲಿ ಸಿಕ್ಕಿದ್ದು, ಅದನ್ನ ಅಗ್ಗ ಅಂತ ಯಾರೂ ಕರೆಯಲ್ಲ.

ರಾಹು ಲೆಕ್ಕ ನವರತ್ನದ್ದು, ನಮ್ಮದು. ತಿಂಗಳಿಗೊಂದು ಹರಳು ಅನ್ನೋ ಪಟ್ಟಿಯನ್ನ ಈಗಿನ ರೂಪಕ್ಕೆ ತಂದಿದ್ದು 1912ರಲ್ಲಿ ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ. ಎರಡನ್ನೂ ಒಂದೇ ಉಂಗುರಕ್ಕೆ ಕಟ್ಟಿದರೆ ಹೀಗೇ ಜಗಳ ಆಗೋದು.

ಅಗ್ಗ ಯಾಕೆ ಅಂದರೆ, ಕೆಂಪು ಗಾರ್ನೆಟ್ ಪ್ರಪಂಚದ ಎಷ್ಟೋ ಕಡೆ ಸಿಗುತ್ತೆ. ನಮ್ಮ ಸರಗೂರು ಕಡೆಯ ಬಂಡೆಗಳಲ್ಲೂ ಗಾರ್ನೆಟ್ ಕಾಳುಗಳಿವೆ. ಆಭರಣಕ್ಕೆ ಆಗದಿದ್ದದ್ದು ಉಜ್ಜುವ ಕಾಗದಕ್ಕೆ, ನೀರನ್ನ ರಭಸವಾಗಿ ಚಿಮ್ಮಿಸಿ ಕಬ್ಬಿಣ ಕತ್ತರಿಸುವ ವಾಟರ್‌ಜೆಟ್‌ಗೆ ಹೋಗುತ್ತೆ. ಇನ್ನೊಂದು ಮಾತು, ಮಾರುಕಟ್ಟೆಯ ಮಾಣಿಕ್ಯ ಬಹುಪಾಲು ಕಾಯಿಸಿ ಬಣ್ಣ ಏರಿಸಿದ್ದು. ಗಾರ್ನೆಟ್ ಸಾಮಾನ್ಯವಾಗಿ ನೆಲದಿಂದ ಬಂದ ಬಣ್ಣದಲ್ಲೇ ಇರುತ್ತೆ.

ಪೇಟೆಬೀದಿ_ಅಕ್ಕಸಾಲಿ:
ಮಂಡ್ಯದಲ್ಲಿ ನಮ್ಮದು ಅಪ್ಪನ ಕಾಲದಿಂದ ಇದೇ ಕೆಲಸ ಅಕ್ಕ. ಮೋಸದ ಬಗ್ಗೆ ನಿಮ್ಮ ಯಜಮಾನರ ಅನುಮಾನ ಸ್ವಲ್ಪ ಉಲ್ಟಾ. ಗಾರ್ನೆಟ್ ತೋರಿಸಿ ಮಾಣಿಕ್ಯ ಅನ್ನೋರು ಇದ್ದಾರೆ. ಗಾರ್ನೆಟ್ ಅಂತ ಹೇಳಿ ಕೊಟ್ಟರೆ ಗಾಜು ಮಾತ್ರ ನೋಡ್ಕೊಳ್ಳಿ, ಲೆನ್ಸಲ್ಲಿ ದುಂಡನೆ ಗಾಳಿಗುಳ್ಳೆ ಕಂಡರೆ ವಾಪಸ್ ಇಟ್ಟು ಬನ್ನಿ.

ಹುಡುಗಿಗೆ ಉಂಗುರ ಬೇಡ, ಓಲೆ ಮಾಡಿಸಿ. ಗೀರು ಬೀಳದ ಗಟ್ಟಿತನಕ್ಕೆ 1ರಿಂದ 10ರವರೆಗೆ ಮೋಸ್ (Mohs) ಅನ್ನೋ ಅಳತೆ ಇದೆ, ಅದರಲ್ಲಿ ಗಾರ್ನೆಟ್ 6.5ರಿಂದ 7.5, ಮಾಣಿಕ್ಯ 9. ಧೂಳಲ್ಲಿರೋ ಮರಳೇ 7. ಉಂಗುರ ಅಂದರೆ ಪಾತ್ರೆ, ಬೈಕು, ಬ್ಯಾಗಿನ ಜಿಪ್ಪು ಎಲ್ಲದಕ್ಕೂ ತಾಗ್ತಾನೇ ಇರುತ್ತೆ, ಒಂದೆರಡು ವರ್ಷಕ್ಕೆ ಮೂಲೆಗಳು ಸವೆದು ಹೊಳಪು ಹೋಗುತ್ತೆ. ಕಿವಿಯಲ್ಲಿ ಆ ಕಾಟ ಇಲ್ಲ. ಕಪ್ಪಾಗಿ ಕಾಣೋದಕ್ಕೂ ಮದ್ದಿದೆ: ಸಣ್ಣ ಹರಳು ಆರಿಸಿ, ಹಿಂದೆ ತೆರೆದಿರೋ ಹಾಗೆ ಕೂರಿಸಿ ಅನ್ನಿ. ಹಳೇ ಕಾಲದಲ್ಲಿ ಗುಮ್ಮಟದ ಹಾಗೆ ಉಜ್ಜಿದ ಗಾರ್ನೆಟ್‌ಗೆ ಹಿಂದಿನಿಂದ ತೋಡಿ ತೆಳು ಮಾಡ್ತಿದ್ದರು, ಇಲ್ಲಾ ಕೆಳಗೆ ಬೇಗಡೆ, ಅಂದರೆ ಹೊಳೆಯೋ ತೆಳು ತಗಡು, ಹಾಕಿ ಬೆಳಕು ವಾಪಸ್ ಬರೋ ಹಾಗೆ ಮಾಡ್ತಿದ್ದರು. ಬೇಗಡೆ ಇರೋ ಒಡವೆಯನ್ನ ಸೋಪ್ ನೀರಲ್ಲಿ ಮಾತ್ರ ನೆನೆಸಬೇಡಿ, ನೀರು ಒಳಗೆ ಹೋದರೆ ಮುಗೀತು.

ಬಿಲ್ಲಲ್ಲಿ ಒಟ್ಟು ತೂಕ ಬೇರೆ, ಹರಳಿನ ತೂಕ ಬೇರೆ ಬರೆಸಿ. ಹರಳನ್ನ ಚಿನ್ನದ ರೇಟಿಗೆ ತೂಗಿಸಿಕೊಂಡು ಬಂದವರನ್ನ ಬೇಕಾದಷ್ಟು ನೋಡಿದೀನಿ. ಹರಳಿನ ತೂಕದಲ್ಲಿ 5 ಕ್ಯಾರೆಟ್ ಅಂದರೆ 1 ಗ್ರಾಂ, ಈಗಿನ ಚಿನ್ನದ ಬೆಲೆಗೆ ಅದೇನು ಕಡಿಮೆ ದುಡ್ಡಾ?

ಕಾವೇರಿ_ತೀರ:
ಇಷ್ಟೆಲ್ಲಾ ವಿಜ್ಞಾನ ಸರಿ. ಆದರೂ ಅತ್ತೆ ಮಾತಿಗೆ ಒಂದು ಸಲ ಜಾತಕ ತೋರಿಸಿಬಿಡಿ ತಂಗಿ. ನಾಳೆ ಹುಡುಗಿಗೆ ಮಾರ್ಕ್ಸ್ ಕಡಿಮೆ ಬಂದರೂ ಓಲೆ ಮೇಲೇ ಬರುತ್ತೆ, ಮತ್ತೆ ಓಲೆ ಕೊಟ್ಟವರ ಮೇಲೆ.

ಮೈಸೂರು_ಮಲ್ಲಿಗೆ:
ಅಯ್ಯೋ, ಅದೂ ನಿಜ ಅಕ್ಕ 😄 ಅತ್ತೆಗೆ ಕಲ್ಲುಮಣ್ಣು ಸರ್ ಬರೆದಿದ್ದನ್ನ ಓದಿ ಹೇಳಿದೆ. "ಕೆಂಪಾದರೆ ಹಾಕಲಿ, ಜೇನುಬಣ್ಣ ಬೇಡ" ಅಂತ ರಾಜಿ ಆಗಿದ್ದಾರೆ. ರೋಡೊಲೈಟ್ ಓಲೆಯೇ ನೋಡ್ತೀನಿ. ಬೆಳ್ಳಿಯಲ್ಲಿ ಮಾಡಿಸಿದರೆ ತೀರಾ ಸಾದಾ ಅನ್ನಿಸುತ್ತಾ? ಚಿನ್ನಕ್ಕೆ ಬಜೆಟ್ ಸ್ವಲ್ಪ ಎಳೀತಿದೆ.

ಪೇಟೆಬೀದಿ_ಅಕ್ಕಸಾಲಿ:
ಧಾರಾಳವಾಗಿ ಮಾಡಿಸಿ. ಚೆಕ್ ದೇಶದ ಬೊಹೀಮಿಯಾ ಗಾರ್ನೆಟ್ ಒಡವೆಗಳು ಪ್ರಪಂಚಕ್ಕೆಲ್ಲಾ ಹೆಸರುವಾಸಿ, ಅದರಲ್ಲಿ ಎಷ್ಟೋ ಬೆಳ್ಳಿಗೆ ಚಿನ್ನದ ನೀರು ಕೊಟ್ಟು ಸಣ್ಣ ಸಣ್ಣ ಹರಳು ಒತ್ತಾಗಿ ಕೂರಿಸಿದವು. ಒಂದೇ ಒಂದು ಮಾತು, ಮುಂದೆ ಎಂದಾದರೂ ಕೊಂಡಿ ಮುರಿದು ಬೆಸುಗೆ ಹಾಕಿಸಬೇಕಾದರೆ ಹರಳು ತೆಗೆದು ಹಾಕಿ ಅಂತ ಹೇಳಿ. ಗಾರ್ನೆಟ್‌ಗೆ ಥಟ್ಟನೆ ಜೋರು ಬಿಸಿ ತಾಗಿದರೆ ಬಿರುಕು ಬಿಡುತ್ತೆ.