ಸಹಾಯ ಬೇಕು: ಲೈಬ್ರರಿಯಲ್ಲಿ ಹುಡುಗರಿಗೆ ವಿಡಿಯೋ ಗೇಮ್ ಆಡಿಸಿದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವೊಂದರಲ್ಲಿ, ಅಂದರೆ ಊರ ಲೈಬ್ರರಿಯಲ್ಲಿ, ಮೇಲ್ವಿಚಾರಕಿ. ಚಿಕ್ಕ ಮಕ್ಕಳು ಕತೆ ಪುಸ್ತಕ, ಕೇರಂ ಅಂತ ದಿನಾ ಬರುತ್ತಾರೆ. ಹೈಸ್ಕೂಲು ಮೆಟ್ಟಿಲು ಹತ್ತಿದರೆ ಮುಗೀತು, ಈ ಕಡೆ ತಲೆ ಹಾಕುವುದಿಲ್ಲ. ಸಂಜೆ ಹೊರಗಿನ ಕಟ್ಟೆ ಮೇಲೆ ಐದಾರು ಹುಡುಗರು ಒಂದೇ ಮೊಬೈಲಿಗೆ ಮುಗಿಬಿದ್ದು ಕೂತಿರುತ್ತಾರೆ. "ಎಡಕ್ಕೆ ಹೋಗೋ, ಎಡಕ್ಕೆ!" ಅನ್ನುವ ಕೂಗು ನನ್ನ ಟೇಬಲ್ಲಿಗೇ ಕೇಳುತ್ತದೆ.

ಆಟವನ್ನೇ ಒಳಗೆ ತಂದರೆ ಹೇಗೆ ಅನ್ನಿಸಿತು. ಕಳೆದ ಶನಿವಾರ ನಮ್ಮ ಹಳೆ ಕಂಪ್ಯೂಟರಿಗೆ ಪೆನ್‌ಡ್ರೈವ್‌ನಿಂದ ಸೂಪರ್‌ಟಕ್ಸ್‌ಕಾರ್ಟ್ ಹಾಕಿದೆ. ಕಾರ್ ರೇಸಿನ ಆಟ. ದುಡ್ಡು ಕೊಡಬೇಕಿಲ್ಲ, ಇಂಟರ್‌ನೆಟ್ಟೂ ಬೇಡ, ಒಂದೇ ಪರದೆಯಲ್ಲಿ ಇಬ್ಬರು ಆಡಬಹುದು. ಒಂಬತ್ತು ಜನ ಬಂದರು! ಸರದಿಗೆ ಕಾಯುತ್ತಿದ್ದ ಒಬ್ಬ ಸುಮ್ನೆ ಒಂದು ಕ್ರಿಕೆಟ್ ಪುಸ್ತಕ ತಿರುವಿ ಹಾಕುತ್ತಿದ್ದ, ಕೊನೆಗೆ ಮನೆಗೇ ಒಯ್ದ. ನನಗೆ ಅಷ್ಟೇ ಸಾಕಿತ್ತು.

ಆದರೆ ಪೇಪರ್ ಓದಲು ಬರುವ ಹಿರಿಯರಿಗೆ ಸಿಟ್ಟು. "ಇದೇನಮ್ಮಾ, ಲೈಬ್ರರಿನೋ ಸಂತೆನೋ?" ಅಂದರು. ಅವರದ್ದೂ ತಪ್ಪಲ್ಲ, ಇರುವುದು ಒಂದೇ ಕೋಣೆ. ಇನ್ನು ಹುಡುಗಿಯರು ಬಾಗಿಲವರೆಗೆ ಬಂದು ವಾಪಸ್ ಹೋದರು, ಅದೇ ಜಾಸ್ತಿ ಬೇಜಾರು. ಅವರಿಗೆ ಬೇರೆ ದಿನ ಇಡಲಾ, ಇಲ್ಲ ಜೊತೆಗೇ ಆಡಿಸಲಾ?

ಮುಂದೆ ಲುವಾಂಟಿ ಹಾಕಿ, ನಮ್ಮೂರ ಕೆರೆ, ರಥಬೀದಿಯನ್ನು ಮಕ್ಕಳ ಕೈಯಲ್ಲೇ ಕಟ್ಟಿಸುವ ಆಸೆ ಇದೆ. ಲುವಾಂಟಿ ಅಂದರೆ ಇಟ್ಟಿಗೆಯಂಥ ಚೌಕಗಳನ್ನು ಜೋಡಿಸಿ ಬೇಕಾದ್ದನ್ನು ಕಟ್ಟುವ ಕಂಪ್ಯೂಟರ್ ಆಟ, ಮೊದಲು ಮೈನ್‌ಟೆಸ್ಟ್ ಅಂತಿದ್ದುದೇ ಇದು. ಎರಡು ಕಂಪ್ಯೂಟರಿಗೆ ಕೇಬಲ್ ಎಳೆದು ಒಟ್ಟಿಗೆ ಆಡಿಸುವುದು ಹೇಗೆ ಅಂತ ಗೊತ್ತಿದ್ದವರು ಹಂತ ಹಂತವಾಗಿ ಹೇಳಿಕೊಡಿ. ಮನೆಯಲ್ಲಿ ಹಳೆ ಗೇಮ್‌ಪ್ಯಾಡ್, ಹೆಡ್‌ಫೋನ್ ಬಿದ್ದಿದ್ದರೆ ತಿಳಿಸಿ, ಕೊರಿಯರ್ ಖರ್ಚು ನನ್ನದು.