8 ಕ್ಯಾವಿಟಿ ಮೋಲ್ಡ್: ಪ್ರತಿ ಸಲ ರನ್ನರ್ ಮೊದಲಿಂದ ಬರೆಯಬೇಕಾ?

ಪ್ರಶ್ನೆ (ಕುಮಟಾ): ಮನೆಯಿಂದಲೇ ಸಣ್ಣ ಟೂಲ್‌ರೂಮುಗಳಿಗೆ ಮೋಲ್ಡ್ ಡಿಸೈನ್ ಮಾಡಿಕೊಡುತ್ತೇನೆ. ಈಗ ಕೈಯಲ್ಲಿರೋದು ಕೋಕಂ ಜ್ಯೂಸ್ ಬಾಟಲಿಯ ಮುಚ್ಚಳ. 8 ಕ್ಯಾವಿಟಿ (ಒಂದು ಸಲಕ್ಕೆ ಎಂಟು ಮುಚ್ಚಳ), ಪಿಪಿ (ಪಾಲಿಪ್ರೊಪಿಲೀನ್) ಪ್ಲಾಸ್ಟಿಕ್, ಒಂದು ಮುಚ್ಚಳ 2.5 ಗ್ರಾಂ. ಸಾಲಿಡ್‌ವರ್ಕ್ಸ್ ಸಾಫ್ಟ್‌ವೇರಿನಲ್ಲಿ ರನ್ನರ್ (ಕರಗಿದ ಪ್ಲಾಸ್ಟಿಕ್ ಕ್ಯಾವಿಟಿಗಳಿಗೆ ಹರಿಯೋ ಕಾಲುವೆ) ಬರೆಯೋದಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ. ಪಾರ್ಟಿ ಕ್ಯಾವಿಟಿ ಅಂತರ ಬದಲಿಸಿದರೆ ಮೋಲ್ಡಿನ ಎರಡೂ ಪ್ಲೇಟಿನ ಕಟ್ ಅಳಿಸಿ ಮತ್ತೆ ಶುರು. ಎಲ್ಲ ಕಡೆ 8 ಎಂಎಂ ರೌಂಡ್ ಹಾಕಿದ್ದೇನೆ. ಬೇಗ ಮುಗಿಸೋ ದಾರಿ ಇದೆಯಾ?

ಉತ್ತರ (ಕಾರವಾರ, ಮೋಲ್ಡ್ ಡಿಸೈನರ್): ಇದೆ. ಮೊದಲು ಪ್ಲೇಟಿನಲ್ಲಿ ನೇರ ಕಟ್ ಮಾಡೋದನ್ನ ಬಿಡಿ. ರನ್ನರ್‌ಗೆ ಬೇರೆಯೇ ಪಾರ್ಟ್ ಫೈಲ್ ಮಾಡಿ, ಗಟ್ಟಿ ಬಾಡಿಯಾಗಿ ಬರೆಯಿರಿ. ಪ್ಲೇಟಿನ ಫೈಲಿಗೆ ಅದನ್ನ ಇನ್ಸರ್ಟ್ ಪಾರ್ಟ್ ಮೂಲಕ ತಂದು, ಕಂಬೈನ್‌ನಲ್ಲಿ ಸಬ್‌ಟ್ರ್ಯಾಕ್ಟ್ (ಪ್ಲೇಟಿನಿಂದ ಅದನ್ನ ಕಳೆಯೋದು) ಕೊಡಿ. ಅಂತರ ಬದಲಾದರೆ ಆ ಒಂದು ಫೈಲ್ ತಿದ್ದಿದರೆ ಸಾಕು, ಎರಡೂ ಪ್ಲೇಟ್ ತಾನಾಗಿ ಬದಲಾಗುತ್ತವೆ.

ಬರೆಯೋದಕ್ಕೆ ಸ್ವೀಪ್‌ನಲ್ಲಿ (ಗೆರೆಯುದ್ದಕ್ಕೂ ಆಕಾರ ಎಳೆಯೋ ಕಮಾಂಡ್) ಸರ್ಕ್ಯುಲರ್ ಪ್ರೊಫೈಲ್ ಇದೆ, 2016ರ ಆವೃತ್ತಿಯಿಂದ. ವೃತ್ತದ ಸ್ಕೆಚ್ ಬೇಡ, ನಡುಗೆರೆ ಎಳೆದು ವ್ಯಾಸ ಕೊಟ್ಟರೆ ಆಯ್ತು. ಕವಲೊಡೆದ ಸ್ಕೆಚ್ಚನ್ನ ಅದು ಒಂದೇ ದಾರಿ ಅಂತ ಒಪ್ಪೋದಿಲ್ಲ. ಅದಕ್ಕೇ ಒಂದೊಂದು ಹಂತಕ್ಕೆ ಒಂದೊಂದು ಸ್ಕೆಚ್. ಕಾಲು ಭಾಗ ಬರೆದು ಮಿರರ್ ಮಾಡಿ. ವ್ಯಾಸ, ಅಂತರ ಎಲ್ಲ ಗ್ಲೋಬಲ್ ವೇರಿಯೇಬಲ್‌ನಲ್ಲಿರಲಿ (ಹೆಸರಿಟ್ಟ ಅಳತೆ, ಒಂದೇ ಕಡೆ ಬದಲಿಸಿದರೆ ಸಾಕು).

ಆದ್ರೆ ಮಾರಾಯ್ರೆ, ನನಗೆ ಹೆಚ್ಚು ಚಿಂತೆ ಆಗಿದ್ದು ಆ 8 ಎಂಎಂ. ಎಚ್ ಆಕಾರದಲ್ಲಿ ಲೆಕ್ಕ ಹಾಕೋಣ. ನಡುವಿನ ಕವಲು ಒಟ್ಟು 140 ಎಂಎಂ, ಎರಡನೇ ಹಂತ 140, ಗೇಟಿಗೆ (ಪ್ಲಾಸ್ಟಿಕ್ ಕ್ಯಾವಿಟಿಯೊಳಗೆ ನುಗ್ಗೋ ಬಾಯಿ) ಹೋಗೋದು 160 ಅಂತಿಟ್ಟುಕೊಳ್ಳಿ. ಎಲ್ಲ 8 ಎಂಎಂ ಆದರೆ ರನ್ನರ್ ಸುಮಾರು 22 ಸಿಸಿ. ಪಿಪಿ ಸಾಂದ್ರತೆ 0.9 ಹಿಡಿದರೆ 20 ಗ್ರಾಂ. ನಿಮ್ಮ ಎಂಟು ಮುಚ್ಚಳದ ತೂಕವೂ 20 ಗ್ರಾಂ! ಅದರ ಮೇಲೆ, ಮುಚ್ಚಳ ತಣಿದರೂ ದಪ್ಪ ರನ್ನರ್ ತಣಿಯಲಿ ಅಂತ ಮೆಷಿನ್ ಕಾಯಬೇಕು.

ಗೇಟಿನ ಕಡೆಯಿಂದ ಹಿಂದಕ್ಕೆ ಬನ್ನಿ. ಕೊನೆಯ ಕವಲು 4. ಒಂದು ಎರಡಾಗುವ ಕಡೆಯೆಲ್ಲ 2ರ ಘನಮೂಲದಿಂದ, ಅಂದ್ರೆ 1.26ರಿಂದ ಗುಣಿಸಿ. 4, 5, 6.3 ಬರುತ್ತದೆ. ಅಂಗಡಿಯಲ್ಲಿರೋ ಬಾಲ್ ಕಟರ್‌ಗೆ (ಉರುಟು ತುದಿಯ ಕಟರ್) ಹೊಂದಿಸಿ 4, 5, 6 ಮಾಡಿ. ಪಿಪಿ ಸಲೀಸಾಗಿ ಹರಿಯುತ್ತದೆ, ಹಾಗಾಗಿ 6 ನಡೆಯುತ್ತದೆ. ತೂಕ 8 ಗ್ರಾಂ ಆಸುಪಾಸಿಗೆ ಇಳಿಯುತ್ತದೆ, ಸ್ಪ್ರೂ (ಮೆಷಿನ್‌ನಿಂದ ರನ್ನರ್‌ಗೆ ಬರೋ ದಾರಿ) ಬಿಟ್ಟು. ಬಾಡಿ ಬೇರೆ ಇರೋದರಿಂದ ಮಾಸ್ ಪ್ರಾಪರ್ಟೀಸ್‌ನಲ್ಲಿ ನೀವೇ ನೋಡಬಹುದು.

ಶಿರಸಿಯಿಂದ ಮತ್ತೊಬ್ಬರು: ಪಾಲಿಕಾರ್ಬೊನೇಟ್‌ಗೂ ಇದೇ ಅಳತೆಯಾ? ಪಾರ್ಟಿಂಗ್ ಮೇಲ್ಮೈ (ಎರಡು ಪ್ಲೇಟ್ ಕೂಡೋ ಜಾಗ) ಚಪ್ಪಟೆ ಇಲ್ಲದಿದ್ರೆ? ರೀಬಿಲ್ಡ್ ಆಗೋಕೆ ಹೊತ್ತು ಹಿಡಿಯುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಅಷ್ಟರಲ್ಲಿ ಕರೆಂಟೇ ಹೋಗಿರುತ್ತದೆ!

ಉತ್ತರ (ಕಾರವಾರ): ಪಾಲಿಕಾರ್ಬೊನೇಟ್ ದಪ್ಪಗೆ ಹರಿಯುತ್ತದೆ. 5ರಿಂದ ಶುರು ಮಾಡಿ: 5, 6.3, 8. ಕಟರ್ ಸಿಗದಿದ್ರೆ ನಡುವಿನದ್ದು 6.5ಕ್ಕೆ ಏರಿಸಿ, ಇಳಿಸಬೇಡಿ. ಬಾಗಿದ ಪಾರ್ಟಿಂಗ್‌ಗೆ ನಡುಗೆರೆಯನ್ನ ಆ ಮೇಲ್ಮೈಗೆ ಪ್ರೊಜೆಕ್ಟ್ ಮಾಡಿ, ಬಂದ ಗೆರೆ ಮೇಲೆ ಅದೇ ಸ್ವೀಪ್. ರೀಬಿಲ್ಡ್‌ಗೆ ಫ್ರೀಜ್ ಬಾರ್ ಇದೆ, ಆಪ್ಷನ್ಸ್‌ನಲ್ಲಿ ಆನ್ ಮಾಡಬೇಕು. ಮುಗಿದ ಫೀಚರ್‌ಗಳ ಕೆಳಗೆ ಎಳೆದಿಟ್ಟರೆ ಅವನ್ನ ಮತ್ತೆ ಲೆಕ್ಕ ಹಾಕೋದಿಲ್ಲ. ಕರೆಂಟಿಗೆ ಯುಪಿಎಸ್ಸೇ ಗತಿ.

ಪ್ರಶ್ನೆ (ಕುಮಟಾ): ಸ್ವೀಪ್ ತುದಿ ಚಪ್ಪಟೆ ಬರುತ್ತಿದೆ. ಬಿಡಬಹುದಾ?

ಉತ್ತರ (ಕಾರವಾರ): ಬಿಡಬೇಡಿ. ಬಾಲ್ ಕಟರ್ ಹೋದಲ್ಲಿ ಉರುಟು ತುದಿಯೇ ಬರೋದು, ಡ್ರಾಯಿಂಗ್ ಬೇರೆ ಹೇಳಿದರೆ ಮಷಿನಿಸ್ಟ್ ಫೋನ್ ಮಾಡೇ ಮಾಡುತ್ತಾರೆ. ಡೋಮ್ ಹಾಕಿ, ಎತ್ತರ ತ್ರಿಜ್ಯದಷ್ಟು. ಹಾಗೇ ಕವಲೊಡೆಯುವ ಕಡೆ ರನ್ನರನ್ನ ವ್ಯಾಸದ ಒಂದೂವರೆಯಷ್ಟು ಮುಂದಕ್ಕೆ ಬಿಡಿ. ಮೊದಲು ಬರೋ ತಣ್ಣನೆ ಪ್ಲಾಸ್ಟಿಕ್ ಅಲ್ಲಿ ನಿಲ್ಲುತ್ತದೆ, ಮುಚ್ಚಳದೊಳಗೆ ಹೋಗೋದಿಲ್ಲ. ಆ ಉದ್ದಕ್ಕೂ ಒಂದು ವೇರಿಯೇಬಲ್ ಕೊಟ್ಟುಬಿಡಿ.