ಸಹಾಯ ಬೇಕು: ನಾಕ್ಸೋಸ್ ದ್ವೀಪದಲ್ಲಿ ಯಾವ ಕಡಲತೀರದ ಬಳಿ ತಂಗಬೇಕು?

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮನೊಂದಿಗೆ ಗ್ರೀಸಿಗೆ ಹೋಗಿ ಒಂದು ವಾರ ಆರಾಮವಾಗಿ ಕಾಲ ಕಳೆಯುವ ಯೋಚನೆಯಿದೆ. ಸಾಂಟೊರಿನಿಯ ಇಯಾ ಊರಿನಲ್ಲಿ ಸೂರ್ಯಾಸ್ತ ನೋಡಲು ಜಾತ್ರೆಯಂತೆ ಜನ ಸೇರುವುದರಿಂದ ಅದನ್ನು ಕೈಬಿಟ್ಟು, ಪಿರೇಯಸ್ ಬಂದರಿನಿಂದ ನೇರ ಹಡಗಿರುವ ನಾಕ್ಸೋಸನ್ನು ಆರಿಸಿಕೊಂಡಿದ್ದೇವೆ.

ಊಟದ ವಿಷಯದಲ್ಲಿ ಹೆಚ್ಚು ಆತಂಕವಿಲ್ಲ. ರಸೀದಿ ಕೊಡದಿದ್ದರೆ ಗ್ರಾಹಕ ಹಣ ಕೊಡಬೇಕಾಗಿಲ್ಲ ಎಂಬ ನಿಯಮ ಅಲ್ಲಿದೆ. ತಾಜಾ ಮೀನಿಗೆ ಕಿಲೋ ಲೆಕ್ಕದಲ್ಲಿ ದರ ಹಾಕುವುದರಿಂದ ಬಿಲ್ ನೋಡಿ ಬೆಚ್ಚಿಬೀಳುವ ಪ್ರಸಂಗವೂ ಸಸ್ಯಾಹಾರಿಗಳಾದ ನಮಗೆ ಬರುವುದಿಲ್ಲ. ಕೇಳದೆಯೇ ಮೇಜಿಗೆ ಬರುವ ಬ್ರೆಡ್ಡಿಗೂ ದುಡ್ಡು ಸೇರಿಸುವುದುಂಟು, ಅಷ್ಟನ್ನು ಸಹಿಸಿಕೊಳ್ಳಬಹುದು.

ತೊಡಕಿರುವುದು ಕಡಲತೀರದ್ದು. ಗ್ರೀಸಿನಲ್ಲಿ ಕಡಲತೀರ ಸಾರ್ವಜನಿಕ ಸ್ವತ್ತೇ ಆದರೂ, ಬಾಡಿಗೆಯ ಕೊಡೆ ಮತ್ತು ಒರಗು ಕುರ್ಚಿಗಳು ಮರಳನ್ನೆಲ್ಲ ಆವರಿಸುತ್ತಿವೆ ಎಂದು 2023ರಲ್ಲಿ ಪಕ್ಕದ ಪಾರೋಸ್ ದ್ವೀಪದ ನಿವಾಸಿಗಳೇ ಟವೆಲ್ ಹಿಡಿದು ಪ್ರತಿಭಟಿಸಿದ್ದರು. ಕೆಲವು ಕಡೆ ಕುರ್ಚಿಯ ಬಾಡಿಗೆಯ ಬದಲು ಇಂತಿಷ್ಟು ಮೊತ್ತದ ತಿಂಡಿ, ಪಾನೀಯ ಕೊಳ್ಳಲೇಬೇಕೆಂಬ ಷರತ್ತಿರುತ್ತದೆ. ನಕ್ಷೆ, ಪ್ರವಾಸಿಗರ ವಿಮರ್ಶೆ, ಬಸ್ಸಿನ ವೇಳಾಪಟ್ಟಿ ಎಲ್ಲವನ್ನೂ ಜಾಲಾಡಿದರೂ, ಸ್ವಂತ ಕೊಡೆ ಒಯ್ದು ನೆಮ್ಮದಿಯಾಗಿ ಕೂರಲು ಎಲ್ಲಿ ಜಾಗ ಸಿಗುತ್ತದೆ ಎಂಬುದು ಮಾತ್ರ ಸ್ಪಷ್ಟವಾಗಲಿಲ್ಲ. ಅಮ್ಮನಿಗೆ ಮಂಡಿನೋವಿರುವುದರಿಂದ ಮರಳಿನಲ್ಲಿ ಬಹುದೂರ ನಡೆಯುವುದೂ ಕಷ್ಟ.

ಅಲ್ಲಿಗೆ ಹೋಗಿ ಬಂದವರು ದಯವಿಟ್ಟು ತಿಳಿಸಿ: ಆಗಿಯೋಸ್ ಪ್ರೊಕೊಪಿಯೋಸ್ ಮತ್ತು ಪ್ಲಾಕಾ, ಈ ಎರಡರಲ್ಲಿ ಬಸ್ ನಿಲ್ದಾಣಕ್ಕೆ ಹತ್ತಿರದಲ್ಲೇ ಬಾಡಿಗೆ ಕುರ್ಚಿಗಳಿಲ್ಲದ ತೆರೆದ ಜಾಗ ಎಲ್ಲಿದೆ?